ಕಣ್ಣಿಗೆ ಕಾಣದ ಚಿತ್ರದ ಸಂಕಲನ

ಮದುವೆಯದೋ ನಾಮಕರಣದ್ದೋ ವಿಡಿಯೋ ಕ್ಯಾಸೆಟ್ ಒಂದು ನಿಮ್ಮ ಮನೆಯ ಬೀರುವಿನಲ್ಲಿ ಇನ್ನೂ ಉಳಿದಿರಬಹುದು. ಸಿನಿಮಾ ಫಿಲ್ಮನ್ನು ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ಕ್ಯಾಸೆಟ್ಟಿನ ಟೇಪಿನಲ್ಲಾದರೋ ಕಾಣುವುದು ಕಾಂತೀಯ ಲೇಪ ಮಾತ್ರ. ಕಾಣದ ಚಿತ್ರವನ್ನು ಬರೆದಿಡುವುದು, ಕತ್ತರಿಸಿ ಜೋಡಿಸುವುದು ಒಂದು ಕಾಲಕ್ಕೆ ಎಷ್ಟು ಕಷ್ಟವಾಗಿತ್ತೆಂದು ಊಹಿಸಬಲ್ಲಿರಾ?

ನಾವು ಕೇಳುವ ಧ್ವನಿಯ ಆವೃತ್ತಿ 20,000 ಹರ್ಟ್ಸ್ ಮೀರುವುದಿಲ್ಲ. ಟೆಲಿವಿಷನ್ ಚಿತ್ರದ ಸಂಕೇತವಾದರೆ ಸುಮಾರು 40 ಲಕ್ಷ ಹರ್ಟ್ಸ್‌ವರೆಗೆ ಹೋಗುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಟೇಪು ಹೆಡ್ಡಿನ ಮುಂದೆ ವೇಗವಾಗಿ ಸಾಗಬೇಕು. ಹೆಡ್ಡನ್ನು ನಿಲ್ಲಿಸಿ ಟೇಪನ್ನು ಓಡಿಸುವ ದಾರಿಯನ್ನು ಬಿಬಿಸಿ ಹಿಡಿಯಿತು. 1958ರಲ್ಲಿ ಅದು ತೋರಿಸಿದ 'ವೆರಾ' ಯಂತ್ರದಲ್ಲಿ ಟೇಪು ಸೆಕೆಂಡಿಗೆ 5 ಮೀಟರ್ ಓಡುತ್ತಿತ್ತು. ಅಂದರೆ ಕಾಲು ಗಂಟೆಯ ಕಾರ್ಯಕ್ರಮಕ್ಕೆ ನಾಲ್ಕೂವರೆ ಕಿಲೋಮೀಟರ್ ಟೇಪು!

ಅಷ್ಟರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಬೇರೆಯೇ ಉಪಾಯ ಹೂಡಿತ್ತು. ಚಾರ್ಲ್ಸ್ ಗಿನ್ಸ್‌ಬರ್ಗ್ ನೇತೃತ್ವದ ತಂಡ ಹೆಡ್ಡನ್ನೇ ತಿರುಗಿಸಿತು. ಮುಂದೆ ಧ್ವನಿ ತಂತ್ರಜ್ಞಾನದಲ್ಲಿ ಹೆಸರಾದ ರೇ ಡಾಲ್ಬಿ ಕೂಡ ಆ ತಂಡದಲ್ಲಿದ್ದರು. ನಾಲ್ಕು ಹೆಡ್‌ಗಳಿದ್ದ ಚಕ್ರ ಸೆಕೆಂಡಿಗೆ 240 ಸುತ್ತು ತಿರುಗುತ್ತ, 2 ಅಂಗುಲ ಅಗಲದ ಟೇಪಿನ ಮೇಲೆ ಅಡ್ಡಡ್ಡಲಾಗಿ ಗೆರೆ ಎಳೆಯುತ್ತಿತ್ತು. ಟೇಪು ಸೆಕೆಂಡಿಗೆ ಬರೀ 38 ಸೆಂಟಿಮೀಟರ್ ಸಾಗಿದರೂ ಬರವಣಿಗೆಯ ವೇಗ ಸುಮಾರು 39 ಮೀಟರ್. ಈ ಯಂತ್ರ 1956ರ ಏಪ್ರಿಲ್ 14ರಂದು ಷಿಕಾಗೋದಲ್ಲಿ ಪ್ರದರ್ಶನಗೊಂಡಿತು. ಅದೇ ನವೆಂಬರಿನಲ್ಲಿ ಸಿಬಿಎಸ್ ಸುದ್ದಿ ಪ್ರಸಾರಕ್ಕೆ ಬಳಕೆಯಾಯಿತು.

ಕಷ್ಟವೆಲ್ಲ ಶುರುವಾದದ್ದು ಸಂಕಲನದಲ್ಲಿ. ಒಂದು ಚಿತ್ರಕ್ಕೆ ಇಂಥ 32 ಗೆರೆಗಳು. ಎರಡು ಚಿತ್ರಗಳ ಸಂಧಿಯಲ್ಲೇ ಕತ್ತರಿಸಬೇಕು, ಆದರೆ ಸಂಧಿ ಕಾಣಬೇಕಲ್ಲ? ಕಬ್ಬಿಣದ ನುಣ್ಣನೆಯ ಪುಡಿ ಬೆರೆಸಿದ ದ್ರವವನ್ನು ಟೇಪಿಗೆ ಸವರುತ್ತಿದ್ದರು. ಪುಡಿ ಕಾಂತೀಯ ಗೆರೆಗಳ ಮೇಲೆ ನಿಲ್ಲುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಅದನ್ನು ಗುರುತಿಸಿ ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಪರದೆಯ ಮೇಲೆ ಚಿತ್ರ ಎಗರುತ್ತಿತ್ತು. ಸಾಲದ್ದಕ್ಕೆ, ಧ್ವನಿಯ ಹೆಡ್ ಬೇರೆಡೆ ಇದ್ದುದರಿಂದ ಚಿತ್ರ ಒಂದು ಕಡೆ, ಅದರ ಮಾತು ಇನ್ನೊಂದು ಕಡೆ.

1960ರ ದಶಕದಲ್ಲಿ ಬ್ಲೇಡಿನ ಬದಲು ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡುವ ಇಲೆಕ್ಟ್ರಾನಿಕ್ ಸಂಕಲನ ಬಂತು. ಆದರೆ ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ, ಪ್ರತಿ ನಕಲಿನಲ್ಲೂ ಗದ್ದಲ ಸೇರಿ ಚಿತ್ರ ಮಾಸುತ್ತಿತ್ತು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು ಬಗೆಯದು. ಟೇಪು ದುಬಾರಿ, ಆದರೆ ಫಿಲ್ಮಿನಂತಲ್ಲದೆ ಅದನ್ನು ಅಳಿಸಿ ಮತ್ತೆ ಬಳಸಬಹುದಿತ್ತು. ಹಾಗೆಯೇ ಮಾಡಿದರು. ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಕಂತುಗಳು ಅಳಿಸಿಹೋದವು. 1969ರ ಚಂದ್ರನಡಿಗೆಯ ಮೂಲ ದತ್ತಾಂಶದ ಟೇಪುಗಳೂ ಮರುಬಳಕೆಯಲ್ಲಿ ಅಳಿದಿರಬೇಕೆಂದು ನಾಸಾ 2009ರಲ್ಲಿ ತೀರ್ಮಾನಿಸಿತು. ಪ್ರಸಾರವಾದ ಚಿತ್ರದ ನಕಲುಗಳಷ್ಟೇ ನಮಗುಳಿದಿವೆ. ಅಳಿಸಿದವರನ್ನು ಬೈದು ಫಲವಿಲ್ಲ. ನಾಳೆಯ ಕಾರ್ಯಕ್ರಮಕ್ಕೆ ಅವರಿಗೂ ಟೇಪು ಬೇಕಿತ್ತು.

ಇನ್ನು ನಿಮ್ಮ ಕ್ಯಾಸೆಟ್ಟಿನ ವಿಚಾರ. ಜಪಾನಿನ ಫುನಾಯಿ ಕಂಪನಿ 2016ರ ಜುಲೈಯಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಟೇಪಿನ ಅಂಟು ತೇವಕ್ಕೆ ಕೆಡುತ್ತದೆ, ಬೂಸ್ಟೂ ಹಿಡಿಯುತ್ತದೆ. ಸುರುಳಿಯ ಅಂಚಿನಲ್ಲಿ ಬಿಳಿಯ ಬೂಸ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ, ಮೊದಲು ತಿಳಿದವರಿಂದ ಸ್ವಚ್ಛಮಾಡಿಸಿ. ಚೆನ್ನಾಗಿದ್ದರೆ, ಓಡುವ ವಿಸಿಆರ್ ಎಲ್ಲಾದರೂ ಸಿಕ್ಕ ದಿನವೇ ಡಿಜಿಟಲ್ ಪ್ರತಿ ಮಾಡಿಸಿಕೊಳ್ಳಿ.