ಹದ್ದಿನ ಈಚೆ, ಹದ್ದಿನ ಆಚೆ

ಕಾನೂನಿನ ಇತಿಹಾಸವನ್ನು ನಮ್ಮಲ್ಲಿ ಮೇಲಿನಿಂದ ಕೆಳಕ್ಕೆ ಬರೆದದ್ದೇ ಹೆಚ್ಚು. ಕಾಯ್ದೆ ಮಾಡಿದವರು ಯಾರು, ಯಾವ ಇಸವಿ, ಎಷ್ಟು ಕಲಮು. ಇಷ್ಟಾದರೆ ಪಾಠ ಮುಗಿಯಿತು. ಕೇರಿಯಲ್ಲಿ ನಿಂತವನ ಕಣ್ಣಿಗೆ ಬೀಳುವ ಕಾನೂನೇ ಬೇರೆ.

1948ರವರೆಗೆ ಇಂದಿನ ಗದಗ ಜಿಲ್ಲೆಯ ನೆಲ ಒಬ್ಬರ ಕೈಯಲ್ಲಿರಲಿಲ್ಲ. ಗದಗ-ಬೆಟಗೇರಿ, ಮುಂಡರಗಿ ಮುಂಬೈ ಸರಕಾರದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಮಗ್ಗುಲಿನ ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಎರಡೂ ಕಡೆ ಪಟವರ್ಧನರೇ. ಮುಂಡರಗಿಯಿಂದ ಮೂಡಣಕ್ಕೆ ಕೊಪ್ಪಳದ ಕಡೆ ನಡೆದರೆ ನಿಜಾಮನ ಮೊಗಲಾಯಿ. ಎರಡು ದಿನದ ಚಕ್ಕಡಿ ದಾರಿಯಲ್ಲಿ ನಾಲ್ಕು ಸರಕಾರ! 1858ರಲ್ಲಿ ಮುಂಡರಗಿ ಭೀಮರಾಯ ದಂಗೆ ಎದ್ದು ಮೊಗಲಾಯಿಯ ಕೊಪ್ಪಳ ಕೋಟೆಯಲ್ಲಿ ಸತ್ತದ್ದನ್ನು ಎಲ್ಲರೂ ಬರೆದಿದ್ದಾರೆ. ಅವನ ಊರಿನ ಹೊಲಗೇರಿ, ಮಾದರಗೇರಿಗಳು ಈ ಸರಕಾರಗಳನ್ನು ಹೇಗೆ ಕಂಡವು ಎಂದು ಕೇಳಿದವರು ಕಡಿಮೆ.

ಲಕ್ಷ್ಮೇಶ್ವರದಲ್ಲಿ ಎಂಟನೆಯ ಶತಮಾನದ ಒಂದು ಕನ್ನಡ ಶಾಸನವಿದೆ. ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಕೊಟ್ಟ ಆಚಾರವ್ಯವಸ್ಥೆ ಅದು. ಅರಸನ ಅಧಿಕಾರಿಗಳು ಏನು ಮಾಡಬೇಕು, ಊರಿನವರು ಏನು ಕೊಡಬೇಕು ಎಂದು ಬರೆದಿದೆ. ಪಂಡಿತರು ಇದನ್ನು ಸ್ಥಳೀಯ ಸ್ವಯಮಾಡಳಿತವೆಂದು ಹೊಗಳುತ್ತಾರೆ. ಇರಲಿ. ಅರಸನ ಎದುರು ಮಹಾಜನರಿಗೆ ಸಿಕ್ಕ ಹಕ್ಕು, ಮಹಾಜನರ ಎದುರು ಯಾರಿಗೆ ಸಿಕ್ಕಿತು? ನಮ್ಮ ಕಡೆ ಊರ ಹಿರಿಯರು ಕೂಡುವ ಪಂಚಾಯತಿಗೆ ‘ದೈವ’ ಅಂತಾರೆ. ದೈವವೇ ದಂಡ ಹಾಕಿದ ಮೇಲೆ ಅಪೀಲು ಎಲ್ಲಿಗೆ?

1923ರ ಆಗಸ್ಟ್ 4ರಂದು ಮುಂಬೈ ಕೌನ್ಸಿಲಿನಲ್ಲಿ ಬೋಲೆಯವರ ಠರಾವು ಪಾಸಾಯಿತು. ಸಾರ್ವಜನಿಕ ಹಣದ ಕೆರೆ, ಬಾವಿ, ಸಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದಿತು. ಈ ಮಾತು ಗದಗಿಗೆ ಅನ್ವಯಿಸುತ್ತಿತ್ತು, ಶಿರಹಟ್ಟಿಗೆ ಇಲ್ಲ. ಅಲ್ಲಿ ಸಾಂಗ್ಲಿ ದರಬಾರದ ಮಾತೇ ಮಾತು. ಹಾಗೆಂದು ಈಚೆಯ ಬಾವಿಗಳು ತೆರೆದವೆಂದಲ್ಲ. ಠರಾವನ್ನು ನಡೆಸಬೇಕಾದವ ಮುಂಬೈಯ ಮೆಂಬರನಲ್ಲ, ಚಾವಡಿಯ ಗೌಡ. ಆ ಗೌಡನ ಕೈಕೆಳಗೆ ವಾಲೀಕಾರಕಿ ಮಾಡುವವ ಕೇರಿಯವನೇ. 1874ರ ವತನ ಕಾಯ್ದೆ ಈ ಚಾಕರಿಯನ್ನು ವಂಶಪಾರಂಪರ್ಯವಾಗಿ ಕಟ್ಟಿಹಾಕಿತ್ತು. ಅದನ್ನು ತಿದ್ದಲು 1928ರಲ್ಲಿ ಅಂಬೇಡ್ಕರರು ಮಸೂದೆ ತಂದರೂ ಪಾಸಾಗಲಿಲ್ಲ. ನಮ್ಮಲ್ಲಿ ಈ ಗಂಟು ಬಿಚ್ಚಿದ್ದು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ, ಅದೂ 1963ರಲ್ಲಿ ಜಾರಿಗೆ ಬಂದಮೇಲೆ. ಸರಕಾರವನ್ನು ಜನ ‘ತಾಯಿತಂದೆ’ ಎಂದು ಕರೆದದ್ದು ಭಕ್ತಿಯಿಂದಲೇ ಎಂದು ನಾನು ನಂಬುವುದಿಲ್ಲ. ಗೌಡನ ತಲೆ ಮೇಲೆ ಇನ್ನೊಬ್ಬ ಇದ್ದಾನೆ ಎಂದು ಗೌಡನಿಗೆ ಕೇಳಿಸುವಂತೆ ಹೇಳುವ ಉಪಾಯವೂ ಅದರಲ್ಲಿತ್ತು.

ಆದರೆ ಬೆಟಗೇರಿಯಲ್ಲಿ ಈ ಉಪಾಯ ನಡೆಯುವಂತಿರಲಿಲ್ಲ. 1871ರಲ್ಲಿ ಉತ್ತರ ಭಾರತಕ್ಕೆಂದು ಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರ ನಂತರ ಮುಂಬೈ ಇಲಾಖೆಗೂ ಬಂತು. ಗದಗ-ಬೆಟಗೇರಿಯಲ್ಲಿ ಸೆಟ್ಲಮೆಂಟು ಎದ್ದಿತು. ಗಂಟಿಚೋರ ಮೊದಲಾದ ಸಮುದಾಯಗಳನ್ನು ತಂದು ಅಲ್ಲಿ ಇರಿಸಿದರು. ಕಳವು ಮಾಡಿದವನಿಗೆ ಶಿಕ್ಷೆಯಲ್ಲ, ಹುಟ್ಟಿದವನಿಗೆ ಶಿಕ್ಷೆ. ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು. ಮನು ಹೇಳಿದ್ದನ್ನೇ ಸಾಹೇಬ ರಜಿಸ್ಟರಿನಲ್ಲಿ ಬರೆದುಕೊಂಡ, ಅಷ್ಟೇ. ಇವರಿಗೆ ಕಾನೂನೆಂದರೆ ದೂರದ ಕೋರ್ಟಲ್ಲ, ದಿನಾ ಹೆಸರು ಕೂಗುವ ದನಿ.

ಆ ಕಾಯ್ದೆ 1952ರಲ್ಲಿ ದೇಶದಿಂದಲೇ ರದ್ದಾಯಿತು. ಬೆಟಗೇರಿಯ ಆ ಭಾಗಕ್ಕೆ ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಅನ್ನುತ್ತಾರೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಹಳೆಯ ಹೆಸರೇ ಉಳಿದಿದೆ. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವ ಹುಡುಗಿ ತಹಶೀಲ್ದಾರರ ಕಚೇರಿಯಿಂದ ಸರ್ಟಿಫಿಕೇಟು ತರುತ್ತಾಳೆ. ಅದರಲ್ಲಿ ‘ಚೋರ’ ಎಂಬ ಅಕ್ಷರಗಳು, ಕೆಳಗೆ ಸರಕಾರದ ಮೊಹರು.