ಸಹೋದ್ಯೋಗಿ ಸಾಂತ್ವನ (ವೈದ್ಯಕೀಯ)

ಚಿಕಿತ್ಸೆಯ ನಡುವೆ ರೋಗಿಯು ಅನಿರೀಕ್ಷಿತವಾಗಿ ಮರಣ ಹೊಂದಿದಾಗಲಾಗಲಿ, ಚಿಕಿತ್ಸಕರ ಪ್ರಮಾದದಿಂದ ಅಪಾಯಕ್ಕೆ ಗುರಿಯಾದಾಗಲಾಗಲಿ, ಮನಸ್ಸು ಕಲಕಿದ ವೈದ್ಯ, ದಾದಿ ಮೊದಲಾದವರಿಗೆ ಅದೇ ವೃತ್ತಿಯ ಒಡನಾಡಿಗಳು ತಕ್ಕ ಶಿಕ್ಷಣವನ್ನು ಪಡೆದು ಗೋಪ್ಯವಾಗಿ ನೀಡುವ ಆಸರೆ.

1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮೈಕೇಲ್ ಬಾಲಿಂಟ್ ಸಾಮಾನ್ಯ ವೈದ್ಯರನ್ನು ಕೂಡಿಸಿ, ರೋಗಿಗಳ ವಿಷಯದಲ್ಲಿ ತಮ್ಮೊಳಗೆ ಏಳುವ ತಳಮಳವನ್ನು ಪರಸ್ಪರ ಹೇಳಿಕೊಳ್ಳುವಂತೆ ಮಾಡಿದುದು ಈ ದಿಸೆಯ ಪೂರ್ವಪ್ರಯತ್ನಗಳಲ್ಲೊಂದು. 1983ರಲ್ಲಿ ಜೆಫ್ರಿ ಮಿಚೆಲ್ ತುರ್ತುಸೇವೆಯವರಿಗಾಗಿ ರೂಪಿಸಿದ ಸಾಮೂಹಿಕ ನಿವೇದನೆಯ ಪದ್ಧತಿ ಬೇಗನೆ ಹರಡಿತಾದರೂ, ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ಹೇಳಿಸಿಬಿಡುವುದರಿಂದ ಮುಂದಣ ಮನೋವ್ಯಾಧಿ ತಪ್ಪದೆಂದು ತರುವಾಯದ ಪರೀಕ್ಷೆಗಳು ತೋರಿಸಿದವು. 2000ದಲ್ಲಿ ಅಮೆರಿಕದ ವೈದ್ಯ ಆಲ್ಬರ್ಟ್ ವೂ, ಪ್ರಮಾದವೆಸಗಿದ ವೈದ್ಯನೂ ಗಾಯಗೊಂಡವನೇ ಎಂದು ಬರೆದ ಮೇಲೆ, ಮಿಸೌರಿ ವಿಶ್ವವಿದ್ಯಾಲಯದಲ್ಲಿ ಸೂಸನ್ ಸ್ಕಾಟ್ ಮತ್ತು ಸಂಗಡಿಗರು, 2011ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಒಡನಾಡಿಗಳ ತಂಡಗಳನ್ನು ಕಟ್ಟಿದರು. ಅಲ್ಲಿ ಆಡಿದ ಮಾತು ವಿಚಾರಣೆಯ ಕಡತಕ್ಕೆ ಸೇರದು. ಈ ವ್ಯವಸ್ಥೆಯ ಜೀವಾಳವೇ ಅದು.

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಭೂಮಿಕೆಯೊಂದು ಬಹು ಮುಂಚೆಯೇ ಸಿದ್ಧವಾಗಿದ್ದಿತು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ರಾಜ್ಯ ಸರ್ಕಾರದೊಡಗೂಡಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಿ ಉಪಚರಿಸುವುದನ್ನು ಕಲಿಸಲಾರಂಭಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಆದರೆ ಯೋಜನೆಯ ಲಕ್ಷ್ಯ ರೋಗಿಯ ಮೇಲಿದ್ದಿತೇ ಹೊರತು ಶುಶ್ರೂಷೆ ಮಾಡುವವರ ಮೇಲಲ್ಲ.

ಶುಶ್ರೂಷೆ ಮಾಡುವವರ ಪಾಡನ್ನು ನೋಡಿ: ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ಹೆರಿಗೆಯಾದ ಬಾಣಂತಿಗೆ ರಕ್ತಸ್ರಾವ ನಿಲ್ಲದೆ, 108 ಆಂಬುಲೆನ್ಸಿನಲ್ಲಿ ಹತ್ತಿಸಿ ಬಳ್ಳಾರಿಗೋ ದಾವಣಗೆರೆಗೋ ಕಳುಹಿಸಿದ ಬಳಿಕ, ದಾರಿಯಲ್ಲೇ ಆಕೆ ತೀರಿಕೊಂಡಳೆಂಬ ಸುದ್ದಿ ಬಂದರೆ, ಸ್ಟಾಫ್ ನರ್ಸಿನ ಮೊದಲ ಕೆಲಸ ಕೇಸ್ ಶೀಟನ್ನೂ ತಾಯಿ ಕಾರ್ಡಿನ ವಿವರವನ್ನೂ ಸರಿಯಾಗಿ ಜೋಡಿಸಿಡುವುದು. ಮುಂದೆ ತಾಯಿ ಮರಣದ ಪರಿಶೀಲನಾ ಸಭೆಯಲ್ಲಿ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟಿರಿ, ಆಂಬುಲೆನ್ಸ್ ಎಷ್ಟು ಗಂಟೆಗೆ ಬಂದಿತೆಂದು ಕೇಳುತ್ತಾರೆ. ಅವಶ್ಯವಾದ ಪ್ರಶ್ನೆಗಳೇ, ಆದರೆ ಉತ್ತರ ಕೊಡುವವಳು ಆಪಾದಿತೆಯಂತೆ ನಿಲ್ಲುವುದರಿಂದ ಮನಸ್ಸನ್ನು ಬಿಚ್ಚಲಾರಳು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ಮೃತರಾದಾಗ ಸಂಶಯವು ಪೂರೈಕೆಯಾದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿದ್ದಿತು. ದೋಷ ಬಾಟಲಿಯಲ್ಲೇ ಇದ್ದರೂ ಡ್ರಿಪ್ ಹಾಕಿದವರು ತಮ್ಮ ಕೈಯನ್ನೇ ಶಂಕಿಸುವುದು ಇಂತಹ ಪ್ರಸಂಗಗಳ ಸ್ವಭಾವ.

2020ರ ಕೋವಿಡ್ ಕಾಲದಲ್ಲಿ ನಿಮ್ಹಾನ್ಸ್ ಆರಂಭಿಸಿದ ಸಹಾಯವಾಣಿಯೂ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ (14416) ಸೇವೆಯೂ ಉಪಯುಕ್ತವೇ ಸರಿ; ಆದರೆ ಹೆರಿಗೆ ಕೋಣೆಯ ಒಳಗನ್ನು ಬಲ್ಲ ಒಡನಾಡಿಯ ಸ್ಥಾನವನ್ನು ದೂರವಾಣಿ ತುಂಬಲಾರದು. ಹಿರಿಯ ಸಿಸ್ಟರುಗಳಲ್ಲಿ ಕೆಲವರನ್ನಾರಿಸಿ, ವಿಚಾರಣೆಯ ಹೊಣೆಯಿಂದ ಅವರನ್ನು ದೂರವಿರಿಸಿ, ಕಿವಿಗೊಡುವ ಕ್ರಮವನ್ನು ಕಲಿಸುವುದಕ್ಕೆ 1985ರ ಬಳ್ಳಾರಿಯ ಪದ್ಧತಿಗಿಂತ ಹೆಚ್ಚಿನ ಸಲಕರಣೆಯೇನೂ ಬೇಕಾಗದು.