ವಿ.ಸಿ. ಫಾರಂ: ನಾಲೆ ನೀರು ಹುಟ್ಟಿಸಿದ ಸಂಶೋಧನೆ

ಮದ್ದೂರು, ಮಳವಳ್ಳಿ ಕಡೆಯ ರೈತರಿಗೆ ಕೃಷಿ ವಿಶ್ವವಿದ್ಯಾಲಯ ಎಂದರೆ ಬೆಂಗಳೂರಿನ ಹೆಬ್ಬಾಳವೂ ಅಲ್ಲ, ಜಿ.ಕೆ.ವಿ.ಕೆ.ಯೂ ಅಲ್ಲ, ಮಂಡ್ಯದ ಪಕ್ಕದ ವಿ.ಸಿ. ಫಾರಂ. ಸರ್ಕಾರಿ ಕಡತದಲ್ಲಿ ಅದು ‘ವಲಯ ಕೃಷಿ ಸಂಶೋಧನಾ ಕೇಂದ್ರ’. ಅರಳಿಕಟ್ಟೆಯ ಮೇಲೆ ಕೂತವರ ಮುಂದೆ ಈ ಹೆಸರು ಹೇಳಿದರೆ ಯಾರೂ ತಲೆ ಎತ್ತುವುದಿಲ್ಲ. ‘ಈ ಸಲ ಫಾರಂನೋರು ಯಾವ ಬೀಜ ಬಿಟ್ಟವ್ರೆ?’ ಎಂದು ಕೇಳಿ ನೋಡಿ, ಮಾತು ಮಧ್ಯಾಹ್ನದವರೆಗೆ ಮುಗಿಯುವುದಿಲ್ಲ. ವಿಶ್ವವಿದ್ಯಾಲಯದ ಸಂಶೋಧನೆಯನ್ನು ಪ್ರಕಟಿತ ಪ್ರಬಂಧಗಳ ಸಂಖ್ಯೆಯಿಂದ ತೂಗುವುದು ಇವತ್ತಿನ ರೂಢಿ. ಈ ಸಂಸ್ಥೆಯ ಮಟ್ಟಿಗೆ ಆ ತಕ್ಕಡಿ ಸಾಲದು. ಇಲ್ಲಿ ನಡೆದ ಕೆಲಸದ ದೊಡ್ಡ ಪಾಲು ಬೀಜವಾಗಿ ಹೊರಗೆ ಹೋಗಿದೆ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಕಟ್ಟೆ ಮೇಲೇರಿದಂತೆ, ನೀರನ್ನು ಮಂಡ್ಯ ಸೀಮೆಗೆ ತರುವ ನಾಲೆಯ ಕೆಲಸ 1920ರ ದಶಕದ ಕೊನೆಯಲ್ಲಿ ಭರದಿಂದ ನಡೆಯಿತು. ಹುಲಿಕೆರೆಯ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿ ನೀರು ಹರಿಸಿದರು. ಆಗಿನ ವೈಸರಾಯ್ ಇರ್ವಿನ್ ಹೆಸರನ್ನು ನಾಲೆಗೆ ಇಟ್ಟರು. ಮುಂದೆ ಅದೇ ವಿಶ್ವೇಶ್ವರಯ್ಯ ನಾಲೆಯಾಯಿತು. ಎಂಜಿನಿಯರುಗಳ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಮಳೆ ನಂಬಿಕೊಂಡು ರಾಗಿ, ಹುರುಳಿ, ಎಳ್ಳು ಬಿತ್ತುತ್ತಿದ್ದ ಕೆಂಪು ಹೊಲಕ್ಕೆ ದಿಢೀರನೆ ನಾಲೆ ನೀರು ಬಂದರೆ ಏನು ಬೆಳೆಯಬೇಕು? ಎಷ್ಟು ನೀರು ಕೊಡಬೇಕು? ಯಾವ ತಿಂಗಳಲ್ಲಿ ತೂಬು ಎತ್ತಬೇಕು? ಒಂದು ಪಾಲು ಕಬ್ಬು, ಒಂದು ಪಾಲು ಭತ್ತ, ಒಂದು ಪಾಲು ರಾಗಿಯಂಥ ಅರೆ ನೀರಾವರಿ ಬೆಳೆ, ಇವನ್ನು ವರ್ಷವರ್ಷ ಅದಲುಬದಲು ಮಾಡುವ ‘ಬ್ಲಾಕ್ ಪದ್ಧತಿ’ ವಿಶ್ವೇಶ್ವರಯ್ಯನವರ ಯೋಜನೆಯಲ್ಲಿತ್ತು. ಅದು ನಡೆಯಬೇಕಾದರೆ ಮೂರೂ ಬೆಳೆಗೆ ಇಲ್ಲಿಯ ಮಣ್ಣಿಗೊಗ್ಗುವ ತಳಿ ಬೇಕಿತ್ತು. 1931ರಲ್ಲಿ ಇರ್ವಿನ್ ಕೆನಾಲ್ ಫಾರಂ, ಅಂದರೆ ಇಂದಿನ ವಿ.ಸಿ. (ವಿಶ್ವೇಶ್ವರಯ್ಯ ಕೆನಾಲ್) ಫಾರಂ, ಹುಟ್ಟಿದ್ದು ಈ ಅಗತ್ಯದಿಂದ.

ಅದನ್ನು ಕಟ್ಟಿದವರು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಇಲ್ಲಿಗೆ ಬಂದವರು. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗದ ಬೆನ್ನುಹತ್ತಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮೊದಲೇ ಗೊನೆಗೆ ಸಿಂಪಡಿಸುವುದನ್ನು ರೂಢಿಗೆ ತಂದರು. ಅಲ್ಲಿಯವರೆಗೆ ತೋಟದವರು ಗೊನೆಗೆ ಕೊಟ್ಟೆ ಕಟ್ಟಿ ದೇವರ ಮೇಲೆ ಭಾರ ಹಾಕುತ್ತಿದ್ದರು. ನೂರು ವರ್ಷ ಕಳೆದರೂ ಅಡಿಕೆ ತೋಟದಲ್ಲಿ ಬೋರ್ಡೋ ನಿಂತಿಲ್ಲ. ಮಂಡ್ಯದಲ್ಲಿ ಕೋಲ್ಮನ್ ಫಾರಂ ತೆರೆದು ಸುಮ್ಮನಾಗಲಿಲ್ಲ; ಬೆಳೆದ ಕಬ್ಬಿಗೆ ಮಾರುಕಟ್ಟೆ ಇರಬೇಕೆಂದು ಸಕ್ಕರೆ ಕಾರ್ಖಾನೆಗೂ ಓಡಾಡಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮೆಲ್ಲರ ‘ಮೈಶುಗರ್’, ಶುರುವಾಯಿತು. ಮರುವರ್ಷ ಅವರು ನಿವೃತ್ತರಾದರು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾಲೆ, ಫಾರಂ, ಕಾರ್ಖಾನೆ ಆದಮೇಲೆ ಬಂದದ್ದು ಜಿಲ್ಲೆ ಎಂಬುದನ್ನು ನಾವು ಆಗಾಗ ಮರೆಯುತ್ತೇವೆ.

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಫಾರಂ ಅದರ ತೆಕ್ಕೆಗೆ ಬಂತು. ಆ ಹೊತ್ತಿಗೆ ಇಲ್ಲಿಯ ರಾಗಿ ತಾಕುಗಳಲ್ಲಿ ಒಬ್ಬರು ಮೌನವಾಗಿ ಕೆಲಸ ಮಾಡುತ್ತಿದ್ದರು. ಸಿ.ಎಚ್. ಲಕ್ಷ್ಮಣಯ್ಯ. ಫಾರಂನ ಇಡೀ ಚರಿತ್ರೆಯಲ್ಲಿ ಒಬ್ಬರನ್ನು ಮಾತ್ರ ನೆನೆಯಬಹುದು ಎಂದರೆ ನಾನು ಆರಿಸುವುದು ಕೋಲ್ಮನ್ನರನ್ನಲ್ಲ, ಇವರನ್ನು.

ಅವರ ಕೆಲಸ ಏಕೆ ದೊಡ್ಡದೆಂದು ತಿಳಿಯಬೇಕಾದರೆ ರಾಗಿಯ ಹೂವನ್ನು ಹತ್ತಿರದಿಂದ ನೋಡಬೇಕು. ಹೂವೆಂದರೆ ಸಾಸಿವೆ ಕಾಳಿನ ಗಾತ್ರದ್ದು. ಗಂಡು ಹೆಣ್ಣು ಎರಡೂ ಒಂದೇ ಹೂವಿನೊಳಗೆ. ಅದು ಅರಳುವುದು ನಡುರಾತ್ರಿ ಕಳೆದು ಕೋಳಿ ಕೂಗುವ ಹೊತ್ತಿಗೆ. ಬೆಳಕು ಹರಿಯುವಷ್ಟರಲ್ಲಿ ತನ್ನ ಪರಾಗದಿಂದ ತಾನೇ ಬಸಿರಾಗಿರುತ್ತದೆ. ಭತ್ತದಲ್ಲಾದರೆ ಕೇಸರ ಕಿತ್ತು, ಬೇರೆ ಗಿಡದ ಪರಾಗ ಉದುರಿಸಿ ಸಂಕರ ಮಾಡಬಹುದು. ರಾಗಿಯಲ್ಲಿ ಹಾಗೆ ಮಾಡಲು ಚಿಮಟಕ್ಕೇ ಜಾಗ ಸಿಗುವುದಿಲ್ಲ. ತೆನೆಯನ್ನು ಬಿಸಿನೀರಿನಲ್ಲಿ ಅದ್ದಿ ಪರಾಗ ಕೊಲ್ಲುವ ಉಪಾಯವೂ ಇದೆ, ಅದರಲ್ಲಿ ಸೋಲೇ ಹೆಚ್ಚು. ಈ ತೊಡಕಿನಿಂದಾಗಿ ರಾಗಿ ತಳಿ ಅಭಿವೃದ್ಧಿ ಬಹುಕಾಲ ಇದ್ದುದರಲ್ಲೇ ಒಳ್ಳೆಯ ತೆನೆ ಆರಿಸುವ ಕೆಲಸವಾಗಿಯೇ ಉಳಿದಿತ್ತು.

ಇದಕ್ಕೊಂದು ಸರಳ ದಾರಿ ಇದೆ. ಎರಡು ತಳಿಯ ತೆನೆಗಳನ್ನು ಹೂವಾಗುವ ಮೊದಲೇ ಒಂದಕ್ಕೊಂದು ತಾಗಿಸಿ ಕಟ್ಟುವುದು. ಅರಳುವಾಗ ಪರಾಗ ಅತ್ತಿಂದಿತ್ತ ಉದುರುತ್ತದೆ. ನೂರಾರು ಕಾಳಿನಲ್ಲಿ ಬೆರಳೆಣಿಕೆಯಷ್ಟು ಸಂಕರವಾಗುತ್ತವೆ. ಅವುಗಳನ್ನು ಹುಡುಕುವುದು ಹೇಗೆ? ಹೆಣ್ಣಾಗಿ ಹಸಿರು ಗಿಡ, ಗಂಡಾಗಿ ಗೆಣ್ಣಿನಲ್ಲಿ ನೇರಳೆ ಬಣ್ಣವಿರುವ ಗಿಡ ಆರಿಸಬೇಕು. ಹೆಣ್ಣು ತೆನೆಯ ಕಾಳು ಬಿತ್ತಿದಾಗ ಸಾಲಿನಲ್ಲಿ ನೇರಳೆ ಬಣ್ಣ ಹೊತ್ತು ಬಂದದ್ದೇ ಸಂಕರ. ಉಳಿದದ್ದನ್ನು ಕಿತ್ತು ಹಾಕಿದರಾಯಿತು. ಇದಕ್ಕೆ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಬೇಕಾದದ್ದು ಸಾಲುಸಾಲು ಪೈರಿನ ಮೇಲೆ ಬಗ್ಗಿ ನೋಡುವ ತಾಳ್ಮೆ, ಅದೂ ವರ್ಷಾನುಗಟ್ಟಲೆ.

ಅಂಥ ತಾಳ್ಮೆಯಿಂದಲೇ 1950 ಮತ್ತು 60ರ ದಶಕಗಳಲ್ಲಿ ಲಕ್ಷ್ಮಣಯ್ಯನವರ ಕೈಯಿಂದ ಅರುಣ, ಉದಯ, ಪೂರ್ಣ, ಕಾವೇರಿ, ಅನ್ನಪೂರ್ಣ, ಶಕ್ತಿ ಎಂಬ ತಳಿಗಳು ಬಂದವು. ಆಮೇಲೆ ಅವರ ದೃಷ್ಟಿ ಆಫ್ರಿಕಾದ ರಾಗಿಯ ಕಡೆ ತಿರುಗಿತು. ರಾಗಿಯ ತವರು ಆಫ್ರಿಕಾ. ಅಲ್ಲಿಯ ತಳಿಗಳಿಗೆ ದಪ್ಪ ಕಡ್ಡಿ, ದೊಡ್ಡ ತೆನೆ, ರೋಗ ತಡೆಯುವ ಕಸುವು. ಆದರೆ ನಮ್ಮ ಹವೆಯಲ್ಲಿ ಬಲು ನಿಧಾನ. ಅವುಗಳನ್ನು ಇಲ್ಲಿಯ ತಳಿಯೊಂದಿಗೆ ಬೆಸೆದು 1970ರ ದಶಕದಲ್ಲಿ ಹೊರಬಂದ ಸರಣಿಯೇ ಇಂಡಾಫ್, ಇಂಡಿಯಾ ಮತ್ತು ಆಫ್ರಿಕಾ ಸೇರಿದ ಹೆಸರು. ಒಂದೇ ತಳಿ ಕೊಟ್ಟು ‘ಬೆಳೆದುಕೊಳ್ಳಿ’ ಎನ್ನಲಿಲ್ಲ ಅವರು. ಚಳಿ ಬೀಳುವ ಹೊತ್ತಿಗೆ ನಿಲ್ಲುವ ಇಂಡಾಫ್-7, ಬೇಸಿಗೆಯಲ್ಲಿ ಬೇಗ ಕುಯ್ಲಿಗೆ ಬರುವ ಇಂಡಾಫ್-9, ಜೊತೆಗೆ ಇಂಡಾಫ್-5, ಇಂಡಾಫ್-8. ನಾಲೆ ನೀರಿದ್ದ ಕಡೆ ವರ್ಷದ ಯಾವ ಕಾಲಕ್ಕೂ ರಾಗಿ ಬೆಳೆಯಬಹುದು ಎಂದಾಯಿತು. ಎಕರೆಗೆ ಹತ್ತು ಕ್ವಿಂಟಾಲ್ ಕಂಡರೆ ಹಬ್ಬ ಎನ್ನುತ್ತಿದ್ದವರು ಅದರ ಮೇಲೆ ಲೆಕ್ಕ ಹಾಕತೊಡಗಿದರು. ಜನ ಅವರನ್ನು ‘ರಾಗಿ ಬ್ರಹ್ಮ’ ಎಂದು ಕರೆದದ್ದು ಸನ್ಮಾನ ಪತ್ರದ ಮಾತಲ್ಲ.

ಇಂಡಾಫ್‌ಗೂ ಒಂದು ಕೊರತೆ ಇತ್ತು. ಬೆಂಕಿ ರೋಗ ಕುತ್ತಿಗೆಗೆ ಹತ್ತಿದರೆ ತೆನೆ ಜೊಳ್ಳಾಗುತ್ತಿತ್ತು. ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ಬಂದ ಜಿ.ಪಿ.ಯು.-28 ಆ ರೋಗಕ್ಕೆ ಬಗ್ಗದೆ ನಿಂತು ಇಂಡಾಫ್‌ನ ಜಾಗವನ್ನು ಬಹುಮಟ್ಟಿಗೆ ತೆಗೆದುಕೊಂಡಿತು. ಅದಾದ ಮೇಲೆ ಮಂಡ್ಯದಿಂದ ಕೆ.ಎಂ.ಆರ್. ಸರಣಿ: 204, 301, 630. ಇದೇ ಸರಣಿಯ 340 ಎಂಬುದು ಬಿಳಿ ರಾಗಿ. ಮುದ್ದೆಗೆ ಕಪ್ಪೇ ಚೆಂದ ಎನ್ನುವ ನಮ್ಮಂಥವರಿಗೆ ಅದು ಹಿಡಿಸುವುದು ಕಷ್ಟ. ಬಿಸ್ಕತ್ತು, ಬ್ರೆಡ್ಡು ಮಾಡುವವರಿಗೆ ಇಷ್ಟವಾದೀತು.

ಭತ್ತದ ವಿಭಾಗದ ಕಥೆ ಬೇರೆ ಬಗೆಯದು. ಮಂಡ್ಯ ವಿಜಯದಂಥ ತಳಿಗಳ ನಂತರ ಫಾರಂ ಹೆಸರು ದೇಶದಲ್ಲಿ ಕೇಳಿಬಂದದ್ದು ಹೈಬ್ರಿಡ್ ಭತ್ತದಿಂದ. ಚೀನಾ 1970ರ ದಶಕದಲ್ಲೇ ಅದನ್ನು ಬೆಳೆಯತೊಡಗಿತ್ತು. ಕೃಷಿ ವಿ.ವಿ.ಯಲ್ಲಿ ಭತ್ತದ ತಳಿ ವಿಜ್ಞಾನಿ ಡಾ. ಎಂ. ಮಹದೇವಪ್ಪ ಮುಂತಾದವರು ಹಿಡಿದ ಹಾದಿ 1994ರಲ್ಲಿ ಫಲಕೊಟ್ಟಿತು. ಭಾರತದಲ್ಲಿ ಮೊಟ್ಟಮೊದಲು ಬಿಡುಗಡೆಯಾದ ಹೈಬ್ರಿಡ್ ಭತ್ತಗಳ ಗುಂಪಿನಲ್ಲಿ ಮಂಡ್ಯದ ಕೆ.ಆರ್.ಎಚ್.-1 ಇತ್ತು. 1996ರಲ್ಲಿ ಬಂದ ಕೆ.ಆರ್.ಎಚ್.-2 ಕರ್ನಾಟಕದ ಗಡಿ ದಾಟಿ ಬೇರೆ ರಾಜ್ಯಗಳಿಗೂ ಹೋಯಿತು. ಅದರ ತಾಯಿ ಸಾಲು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಬಂದದ್ದು. ತಂದೆ ಸಾಲು ಕೆ.ಎಂ.ಆರ್.-3, ಮಂಡ್ಯದ್ದೇ.

ಬೀಜೋತ್ಪಾದನೆ ನೋಡುವುದೇ ಒಂದು ಚೆಂದ. ಪರಾಗವಿಲ್ಲದ ತಾಯಿ ಗಿಡದ ಹಲವು ಸಾಲು, ನಡುನಡುವೆ ತಂದೆಯ ಸಾಲು. ಎರಡೂ ಒಂದೇ ದಿನ ಹೂವಾಗುವಂತೆ ಒಟ್ಟಲು ಹಾಕುವ ದಿನವನ್ನು ಹಿಂದೆಮುಂದೆ ಮಾಡಬೇಕು. ಹೂವಾದ ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಗದ್ದೆಯ ಎರಡು ಬದುವಿನ ಮೇಲೆ ಇಬ್ಬರು ನಿಂತು ಹಗ್ಗ ಹಿಡಿದು ಪೈರಿನ ಮೇಲೆ ಎಳೆಯುತ್ತಾರೆ. ಹಳದಿ ಪುಡಿ ಹೊಗೆಯಂತೆ ಏಳುತ್ತದೆ. ಇಷ್ಟೆಲ್ಲ ಮಾಡಿ ಬೆಳೆದ ಬೀಜವನ್ನು ರೈತ ಒಂದೇ ವರ್ಷ ಬಿತ್ತಬಹುದು, ಮರುವರ್ಷ ಮತ್ತೆ ಕೊಳ್ಳಬೇಕು. ಇಳುವರಿ ಒಪ್ಪಿದ ರೈತರೂ ಇದನ್ನು ಒಪ್ಪಲು ತಡಮಾಡಿದರು. ಅವರ ಹಿಂಜರಿಕೆ ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ. ಕಣದಲ್ಲೇ ಬೀಜ ಎತ್ತಿಡುವ ಊರಿಗೆ ಅದು ಸಣ್ಣ ಬದಲಾವಣೆಯಲ್ಲ.

ಕಬ್ಬಿನ ವಿಷಯದಲ್ಲಿ ಮಂಡ್ಯ ಬಹುಕಾಲ ಕೊಯಮತ್ತೂರಿನ ತಳಿಗಳ ಮೇಲೆ ನಿಂತಿತ್ತು, ಕೋ 419, ಕೋ 62175. ಫಾರಂನ ಹೆಸರನ್ನೇ ಹೊತ್ತ ವಿ.ಸಿ.ಎಫ್. 0517 ಬಂದದ್ದು ಆಮೇಲೆ. ಬೆಲ್ಲಕ್ಕೆ ಬಣ್ಣ ಬರಲೆಂದು ಆಲೆಮನೆಯಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವ ಚಾಳಿಗೆ ಬದಲು, ಬೆಂಡೆ ಗಿಡದ ಲೋಳೆಯಂಥ ಹಳೆಯ ಉಪಾಯದಿಂದ ಕೊಪ್ಪರಿಗೆಯ ರಸ ತಿಳಿಮಾಡುವ ಪ್ರಯೋಗಗಳೂ ಇಲ್ಲಿ ನಡೆದವು. ಮೆಕ್ಕೆಜೋಳ, ಮೇವಿನ ಅಲಸಂದೆ, ಕಳೆ, ಕೀಟ, ಮಣ್ಣಿನ ಚೌಳು ಹೀಗೆ ಪಟ್ಟಿ ಉದ್ದವಿದೆ. 1990ರ ದಶಕದಲ್ಲಿ ಬಲಗೊಂಡ ಇಲ್ಲಿಯ ಕೃಷಿ ಕಾಲೇಜಿನ ಮಕ್ಕಳು ಈ ಹರವನ್ನು ಇನ್ನೂ ಹಿಗ್ಗಿಸಿದ್ದಾರೆ.

ಫಾರಂಗೆ ಸೇರದ, ಆದರೆ ಅದರ ಪಕ್ಕದಲ್ಲೇ ಇಟ್ಟು ಓದಬೇಕಾದ ಸಂಶೋಧನೆಯೊಂದಿದೆ. 1950ರ ದಶಕದ ನಡುವೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಹೆಣ್ಣುಮಗಳು ಮಂಡ್ಯ ಸೀಮೆಗೆ ಬಂದು ಹಳ್ಳಿಯಲ್ಲೇ ಇದ್ದು ಎರಡು ಊರುಗಳನ್ನು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆ ನೀರು ಹತ್ತಿತ್ತು. ಇನ್ನೊಂದು ಎತ್ತರದಲ್ಲಿದ್ದು ಒಣಗಿಯೇ ಉಳಿದಿತ್ತು. ಊರ ಹೆಸರು ಮರೆಸಿ ‘ವಂಗಲ’, ‘ದಲೇನ’ ಎಂದು ಬರೆದರು. 1962ರಲ್ಲಿ ಪುಸ್ತಕ ಬಂತು. ನೀರು ಕಂಡ ಊರು ಹಣವಂತವಾಯಿತು, ಆದರೆ ಗೌಡರು-ಆಳುಗಳ ಹಳೆಯ ಕಟ್ಟು ಹಾಗೆಯೇ ಉಳಿಯಿತು. ಒಣ ಊರಿನವರು ಹೊಟ್ಟೆಪಾಡಿಗೆ ಮಂಡ್ಯದ ಪೇಟೆ, ಕಾರ್ಖಾನೆ, ಗಾಡಿ, ಗಿರಣಿ ಎಂದು ಹೊರಟರು. ಹಳೆಯ ಕಟ್ಟು ಸಡಿಲವಾದದ್ದು ಅಲ್ಲಿ. ನೀರು ಬಂದರೆ ಎಲ್ಲ ಬದಲಾಗುತ್ತದೆ ಎಂದು ನಂಬಿದವರಿಗೆ ಇದು ಒಳ್ಳೆಯ ಪಾಠ. ಸಮಾಜಶಾಸ್ತ್ರ ಓದುವವರು ದೇಶದೇಶಗಳಲ್ಲಿ ನಮ್ಮ ಈ ಎರಡು ಊರುಗಳ ಕಥೆ ಓದುತ್ತಾರೆ. ಮದ್ದೂರಿನ ಕಾಲೇಜು ಹುಡುಗರಿಗೆ ಇದರ ಸುದ್ದಿಯೇ ಇಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಫಾರಂನ ತಳಿಗಳು ಗೆದ್ದಷ್ಟೂ ಊರ ತಳಿಗಳು ಸೋತವು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ತಮ್ಮ ಜಮೀನಿನಲ್ಲೇ ನೂರಾರು ನಾಟಿ ಭತ್ತಗಳನ್ನು, ಜೊತೆಗೆ ಹಳೆಯ ಮಾವಿನ ತೋಪೊಂದನ್ನು ಉಳಿಸಿಕೊಂಡು ಬಂದಿದ್ದಾರೆ. ತಳಿ ವಿಜ್ಞಾನಿ ನಾಳೆ ಹೊಸ ಸಂಕರಕ್ಕೆ ಗುಣ ಹುಡುಕುವಾಗ ಕೈಚಾಚಬೇಕಾದದ್ದು ಇಂಥ ಮನೆಗಳಿಗೇ. ಪದವಿ ಇಲ್ಲದ ಈ ಕೆಲಸವನ್ನೂ ಸಂಶೋಧನೆ ಎಂದು ಬರೆದುಕೊಳ್ಳುವ ದೊಡ್ಡತನ ವಿಶ್ವವಿದ್ಯಾಲಯಕ್ಕೆ ಬೇಕು.

ಈಗ ಮಂಡ್ಯಕ್ಕೇ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯದ ಭಾಗ್ಯ ಬಂದಿದೆ. ಕಟ್ಟಡ, ಹುದ್ದೆ, ಅನುದಾನದ ಮಾತು ಸಾಕಷ್ಟು ನಡೆಯುತ್ತದೆ, ನಡೆಯಲಿ. ನನ್ನ ಕೋರಿಕೆ ಚಿಕ್ಕದು. ಇಲ್ಲಿ ಎಂ.ಎಸ್ಸಿ. ಓದಿದ ಮಕ್ಕಳು ಮದ್ದೂರು, ಮಳವಳ್ಳಿಯ ಗದ್ದೆಗಳ ಮಣ್ಣು, ನೀರು, ಬೆಲೆ, ಸಾಲಗಳ ಬಗ್ಗೆ ಬರೆದ ಪ್ರಬಂಧಗಳು ಇಂಗ್ಲಿಷಿನಲ್ಲಿ, ರಟ್ಟು ಕಟ್ಟಿಸಿಕೊಂಡು ಗ್ರಂಥಾಲಯದಲ್ಲಿ ಕೂತಿವೆ. ನಾಲೆಯ ಕೊನೆ ಭಾಗದ ರೈತ ತನ್ನ ಜಮೀನಿನ ಬಗ್ಗೆ ಬರೆದದ್ದನ್ನು ತಾನು ಓದಲಾರ. ಪ್ರತಿ ಪ್ರಬಂಧಕ್ಕೂ ಎರಡು ಪುಟದ ಕನ್ನಡ ಸಾರ ಕಡ್ಡಾಯವಾಗಲಿ. ಕೃಷಿ ಮೇಳದಲ್ಲಿ ಬೀಜದ ಚೀಲದ ಪಕ್ಕದಲ್ಲಿ ಅವುಗಳನ್ನೂ ಇಡಿ. 2031ಕ್ಕೆ ಫಾರಂಗೆ ನೂರು ತುಂಬುತ್ತದೆ. ಅಷ್ಟರೊಳಗೆ ಹಳೆಯವನ್ನೂ ಸೇರಿಸಿ ಈ ಕೆಲಸ ಮುಗಿಸಬಹುದು. ಅಧ್ಯಾಪಕರು ಇವತ್ತೇ ಶುರುಮಾಡಬೇಕು.